ಬಿರುಕಿನ ಮೇಲೆ ಮೂರು ಗೆರೆ

ಜುಲೈ 6, 2025. ಭಾನುವಾರ

ಮಾಂಬಲಂನಿಂದ ಚೆನ್ನೈ ಬೀಚ್ ಸ್ಟೇಷನ್. ಬೀಚ್‌ನಲ್ಲಿ ಗುಮ್ಮಿಡಿಪೂಂಡಿ ಲೋಕಲ್. ಕಿಟಕಿ ಸೀಟು ಸಿಕ್ಕಿತು, ಪುಣ್ಯ. ಬ್ಯಾಗಿನಲ್ಲಿ ಕ್ಯಾಮೆರಾ, ಟಾರ್ಚು, ಬ್ರಷ್ಷು, ಸ್ಟೀಲ್ ಸ್ಕೇಲು, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ಬೇಡ ಅಂದರೆ ಕೇಳುವವಳಲ್ಲ. ಎಂಬತ್ತು ದಾಟಿದರೂ ಅಡುಗೆಮನೆ ಅವಳದೇ ರಾಜ್ಯ.

ಮಧುಸೂದನ್ ಮತ್ತು ಅವರ ಗುಂಪಿನವರು ತಿರುವೊಟ್ಟಿಯೂರು ಸ್ಟೇಷನ್ ಹೊರಗೆ ಟೀ ಅಂಗಡಿ ಮುಂದೆ ಕಾಯುತ್ತಿದ್ದರು. ಮಧು ಪೆರಂಬೂರಿನವರು, ನಮ್ಮ ಹಾಗೇ ಮನೆಮಾತು ಕನ್ನಡ, ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಮೇಷ್ಟ್ರು. ಮುಚ್ಚಿಹೋದ ಮಿಲ್ಲು, ಗೋಡೌನು, ಫ್ಯಾಕ್ಟರಿಗಳನ್ನು ಕೆಡವುವ ಮುಂಚೆ ಫೋಟೋ ಹಿಡಿದಿಡುವುದು ಇವರೆಲ್ಲರ ಭಾನುವಾರದ ಹುಚ್ಚು. ಹೋದ ವರ್ಷ ರಿಟೈರ್ ಆದ ಮೇಲೆ ನನಗೂ ಅಂಟಿಕೊಂಡಿತು. ಎಲ್ಲರೂ ನನ್ನ ಮಗಳ ವಯಸ್ಸಿನವರು.

ಇವತ್ತು ಎನಾಮಲ್ ಫ್ಯಾಕ್ಟರಿ. ನೀಲಿ ಅಂಚಿನ ಬಿಳಿ ತಟ್ಟೆ, ಬಿಳಿ ಲೋಟ ಮಾಡುತ್ತಿದ್ದ ಜಾಗ. ತೊಂಬತ್ತೇಳರಲ್ಲಿ ಮುಚ್ಚಿತು. ಈಗ ಬಿಲ್ಡರ್ ಕೈಯಲ್ಲಿದೆ, ಸಮುದ್ರ ಕಾಣುವ ಟವರ್ ಬರುತ್ತದಂತೆ. ಗೇಟಿನ ಪಕ್ಕ ಆಗಲೇ ದೊಡ್ಡ ಬೋರ್ಡು — ಬಾಲ್ಕನಿಯಲ್ಲಿ ಕಾಫಿ ಹಿಡಿದು ನಗುವ ಗಂಡ ಹೆಂಡತಿ.

ಅಪ್ಪ ಇಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಗುಂಪಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಗೋಡೆ ಮುಂದೆ ನಿಲ್ಲಿಸಿ 'ಮೇಡಂ, ಹೇಗನ್ನಿಸ್ತಿದೆ ಹೇಳಿ' ಅಂತ ವಿಡಿಯೋ ಮಾಡುತ್ತಾರೆ. ಬೇಡಪ್ಪಾ.

ವಾಚ್‌ಮನ್ ಏಳುಮಲೈ ಒಳಗೆ ಬಿಟ್ಟ. ಒಂದು ಕಾಲದಲ್ಲಿ ಇಲ್ಲೇ ಒಲೆ ಮುಂದೆ ಕೆಲಸ ಮಾಡಿದವನು. ಅವನ ಬಾಯಲ್ಲಿ ಇದು ಇನ್ನೂ 'ಅಡುಪ್ಪು ಶೆಡ್', ಒಲೆ ಶೆಡ್ಡು. ತಟ್ಟೆ ಸುಡುತ್ತಿದ್ದ ಒಲೆ ಈಗಿಲ್ಲ. ಸೂರಿನ ಗಾಜು ಉದುರಿ ಬಿಸಿಲು ಕೋಲುಕೋಲಾಗಿ ಬೀಳುತ್ತಿತ್ತು. ಹುಡುಗರಿಗೆ ಹಬ್ಬ. ಒಬ್ಬಳು ನೆಲದ ಮೇಲೆ ಮಲಗಿಯೇ ಬಿಟ್ಟಳು. ಬಿಸಿಲು, ಆಲದ ಬೇರು, ತುಕ್ಕು ಹಿಡಿದ ಚೈನು... ಕ್ಲಿಕ್ ಕ್ಲಿಕ್.

ನಾನು? ದಕ್ಷಿಣದ ಗೋಡೆಯಲ್ಲಿ ಒಂದು ಬಿರುಕು. ಕಿಟಕಿ ಮೂಲೆಯಿಂದ ಓರೆಯಾಗಿ ಕೆಳಕ್ಕೆ. ಬ್ರಷ್ಷಿನಿಂದ ದೂಳು ತೆಗೆದೆ. ಪಕ್ಕದಲ್ಲಿ ಸ್ಕೇಲು ಹಿಡಿದೆ. ಫೋಟೋ ತೆಗೆದೆ. ಆಮೇಲೆ ಇನ್ನೊಂದು ಬಿರುಕು...

ಮಧು ನೋಡಿ ನಕ್ಕರು. "ಮೇಡಂ, ಇದು ಕ್ಲೈಮ್ ಅಲ್ಲ. ಸ್ಕೇಲು ಒಳಗಿಡಿ."

ಏನು ಮಾಡಲಿ. ಸರ್ವೀಸೆಲ್ಲ ಇನ್ಶೂರೆನ್ಸ್ ಕಂಪನಿಯ ಸರ್ವೆಯರ್. ಬೆಂಕಿ ಬಿದ್ದ, ನೀರು ನುಗ್ಗಿದ, ಕುಸಿದ ಫ್ಯಾಕ್ಟರಿಗಳೇ ನನ್ನ ಆಫೀಸು. ಗೋಡೆ ಕಂಡರೆ ಕಣ್ಣು ಮೊದಲು ಹೋಗುವುದು ಬಿರುಕಿಗೆ.

ಜುಲೈ 9

ಅಮ್ಮನಿಗೆ ಫೋಟೋ ತೋರಿಸಲಿಲ್ಲ. ಎಲ್ಲಿಗೆ ಹೋಗಿದ್ದೆ ಅಂದಳು. ತಿರುವೊಟ್ಟಿಯೂರು ಅಂದೆ. ದೇವಸ್ಥಾನಕ್ಕೆ ಅಂದುಕೊಂಡಳು. ಹಾಗೇ ಇರಲಿ ಅಂತ ಬಿಟ್ಟೆ. ಆ ಶೆಡ್ಡನ್ನು ಈ ಸ್ಥಿತಿಯಲ್ಲಿ ನೋಡಿದರೆ ಅವಳಿಗೆ ತಡೆಯಲಾಗುವುದಿಲ್ಲ. ನನಗೇ ತಡೆಯಲಾಗಲಿಲ್ಲ, ನಿಜ ಹೇಳಬೇಕೆಂದರೆ. ಚಿಕ್ಕವಳಿದ್ದಾಗ ಆಯುಧಪೂಜೆ ದಿನ ಅಪ್ಪ ನಮ್ಮನ್ನು ಒಳಗೆ ಕರೆದೊಯ್ಯುತ್ತಿದ್ದರು. ವರ್ಷಕ್ಕೆ ಅದೊಂದೇ ದಿನ ಮನೆಯವರಿಗೆ ಪ್ರವೇಶ. ಆರಿದ ಒಲೆಗೆ ಮಲ್ಲಿಗೆ ಹಾರ. ಮಕ್ಕಳಿಗೆಲ್ಲ ಪುರಿ, ಕಡಲೆ.

ಮಧು ಮೆಸೇಜು. ಕಟ್ಟಡ ಉಳಿಸಬೇಕು ಅಂತ ಪಾರಂಪರಿಕ ಕಟ್ಟಡಗಳ ಕಮಿಟಿಗೆ ಅರ್ಜಿ ಹಾಕುತ್ತಾರಂತೆ. ಎಲ್ಲರ ಫೋಟೋನೂ ವೆಬ್‌ಸೈಟಿಗೆ. ಪ್ರತಿ ಫೋಟೋ ಕೆಳಗೆ ಎರಡು ಸಾಲು ಬರೆದು ಕೊಡಿ ಅಂದರು.

ಕೂತು ಬರೆದೆ. ಕೈ ತಾನಾಗಿ ಓಡಿತು. 'ದಕ್ಷಿಣ ಗೋಡೆ. ಕಿಟಕಿಯ ಲಿಂಟಲ್ ಮೂಲೆಯಿಂದ ಓರೆ ಬಿರುಕು, ಗಾರೆ ಸಡಿಲ, ಇಟ್ಟಿಗೆ ಸೀಳಿದೆ. ನಡುವೆ ಸುಣ್ಣದ ಕಲೆ.' ಕೆಳಗೆ ಹೆಸರು — ಶಿವರಂಜನಿ ಪರಮೇಶ್ವರಪ್ಪ, ನಿವೃತ್ತ ಸರ್ವೆಯರ್. ಚೆನ್ನಾಗಿ ಕಂಡಿತು. ಜಂಬವೂ ಆಯಿತು ಅನ್ನಿ.

ಜುಲೈ 21

ಫೋಟೋಗಳಿಗೆ ಭಾರೀ ಮೆಚ್ಚುಗೆ. ನನ್ನದಕ್ಕೂ! ಯಾರೋ ಒಬ್ಬರು 'ಎಷ್ಟು ಸ್ಪಷ್ಟವಾಗಿದೆ' ಅಂತ ಬರೆದಿದ್ದಾರೆ. ಮಗಳು ಹರ್ಷಿಣಿ ಫೋನ್ ಮಾಡಿ "ಸೂಪರ್ ಮಾ, ಯು ಆರ್ ಫೇಮಸ್" ಅಂದಳು. ಕನ್ನಡದಲ್ಲಿ ಹೇಳೇ ಅಂದರೆ ಅದನ್ನೇ ತಮಿಳಿನಲ್ಲಿ ಹೇಳಿದಳು.

ಆಗಸ್ಟ್ 12

ಎಲ್ಲಿಂದ ಶುರು ಮಾಡಲಿ.

ಮಧ್ಯಾಹ್ನ ಮಧು ಫೋನು. ಧ್ವನಿ ಸಣ್ಣಗಿತ್ತು. ಬಿಲ್ಡರ್ ಕಡೆಯವರು ಕಮಿಟಿಗೆ ಉತ್ತರ ಕೊಟ್ಟಿದ್ದಾರೆ. ಈ ಕಟ್ಟಡ ಅಪಾಯಕಾರಿ, ಯಾವ ಗಳಿಗೆಯಲ್ಲಾದರೂ ಬೀಳಬಹುದು, ಉಳಿಸುವ ಮಾತಿರಲಿ, ತಕ್ಷಣ ಕೆಡವಲು ಅನುಮತಿ ಬೇಕು ಅಂತ. ಸಾಕ್ಷಿಗೆ ಫೋಟೋಗಳು.

ನನ್ನ ಫೋಟೋಗಳು. ನನ್ನ ಸ್ಕೇಲು. ನನ್ನ ಎರಡೆರಡು ಸಾಲು. ನನ್ನ ಹೆಸರು.

'ಕಟ್ಟಡ ಪ್ರೇಮಿಗಳ ಗುಂಪಿನ ಅನುಭವಿ ಸರ್ವೆಯರ್ ಸ್ವತಃ ದಾಖಲಿಸಿದಂತೆ...' ಅಂತ ಶುರುವಾಗುತ್ತದಂತೆ ಪತ್ರ. ಮಧು ಓದಿ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಉಳಿದವರೆಲ್ಲ ಬಿಸಿಲನ್ನು ಹಿಡಿದರು. ನಾನು ಶತ್ರುವಿಗೆ ಕತ್ತಿ ಮಸೆದು ಕೊಟ್ಟೆ. ಅದೂ ಅಪ್ಪನ ಫ್ಯಾಕ್ಟರಿ ಕೆಡವಲು. ನಾಚಿಕೆ ಆಗುತ್ತಿದೆ, ಇದಕ್ಕಿಂತ ಬೇರೆ ಮಾತು ಸಿಗುತ್ತಿಲ್ಲ.

ಹರ್ಷಿಣಿ: "ಡಿಲೀಟ್ ಪಣ್ಣುಮ್ಮಾ." ಡಿಲೀಟ್ ಮಾಡಿದರೆ ಬಿರುಕು ಹೋಗುತ್ತದೆಯೇ?

ಆಗಸ್ಟ್ 14

ಬೆಳಿಗ್ಗೆ ಕಾಫಿ ಆರಿ ತಣ್ಣಗಾಯಿತು. ಯೋಚನೆ ಒಂದೇ.

ಬಿರುಕು ಇದ್ದರೆ ಗೋಡೆ ಬೀಳುತ್ತದೆ ಅಂತೇನಿಲ್ಲ. ಮದ್ರಾಸಿನಲ್ಲಿ ಬಿರುಕಿಲ್ಲದ ಹಳೇ ಗೋಡೆ ಯಾವುದಿದೆ? ನಮ್ಮ ಕೆಲಸದಲ್ಲಿ ಎಂದೂ ಒಂದೇ ಪ್ರಶ್ನೆ — ಹಳೇದೋ, ಹೊಸದೋ? ಹಳೇ ಬಿರುಕು ಅಂದರೆ ಎಂದೋ ಆಗಿ ನಿಂತುಹೋಗಿದ್ದು, ಕಂಪನಿ ಜವಾಬ್ದಾರಿ ಅಲ್ಲ. ಹೊಸದು ಅಂದರೆ ಈಗಷ್ಟೇ ಏನೋ ಅಲುಗಾಡಿದೆ, ಕಾರಣ ಹುಡುಕಬೇಕು. ಅನುಮಾನ ಇದ್ದರೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ಬರುತ್ತಿದ್ದೆವು. ಗಾಜು ಹಾಗೇ ಇದ್ದರೆ ಗೋಡೆ ನಿಂತಿದೆ. ಗಾಜು ಸೀಳಿದರೆ ಗೋಡೆ ನಡೆಯುತ್ತಿದೆ.

ಆ ಬಿರುಕು ಹಳೇದು ಅಂತ ನನ್ನ ಕಣ್ಣಿಗೆ ಗೊತ್ತು. ಅಂಚೆಲ್ಲ ಕಪ್ಪಾಗಿದೆ, ಒಳಗೆ ಜೇಡರ ಬಲೆ. ಆದರೆ ಕಣ್ಣಿಗೆ ಗೊತ್ತಾದದ್ದನ್ನು ಕಮಿಟಿ ಮುಂದೆ ಹೇಗೆ ಇಡಲಿ? ಎಷ್ಟು ವರ್ಷದಿಂದ ನಿಂತಿದೆ ಅಂತ ಯಾರು ಹೇಳುತ್ತಾರೆ? ಆಗ ಯಾರೂ ಗಾಜು ಅಂಟಿಸಿರಲಿಲ್ಲವಲ್ಲ.

ಆಗಸ್ಟ್ 17. ಭಾನುವಾರ

ಗುಂಪಿನ ಜೊತೆ ಹೋಗಲಿಲ್ಲ. ಮುಖ ತೋರಿಸಲು ಮನಸ್ಸಿಲ್ಲ.

ಲ್ಯಾಪ್‌ಟಾಪಿನಲ್ಲಿ ಆ ಗೋಡೆಯ ಫೋಟೋ ತೆರೆದಿಟ್ಟು ಮೊಸರು ತರಲು ಕೆಳಗಿಳಿದೆ. ಬಂದು ನೋಡಿದರೆ ಅಮ್ಮ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ, ಮೂಗು ಸ್ಕ್ರೀನಿಗೆ ತಾಗುವಷ್ಟು ಹತ್ತಿರ. ಅಯ್ಯೋ, ಸಿಕ್ಕಿಬಿದ್ದೆ ಅಂದುಕೊಂಡೆ.

"ರಂಜಿ, ಇದು ಅಡುಪ್ಪು ಶೆಡ್ ಅಲ್ವೇನೇ?"

"ಹೂಂ ಅಮ್ಮ."

"ಮತ್ತೆ ದೇವಸ್ಥಾನ ಅಂದೆ?"

"ನೀನೇ ಅಂದ್ಕೊಂಡೆ."

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ನಾನು 'ಸುಣ್ಣದ ಕಲೆ' ಅಂತ ಬರೆದಿದ್ದೆನಲ್ಲ, ಅದರ ಮೇಲೆ ಬೆರಳಿಟ್ಟಳು.

"ನಿಮ್ಮಪ್ಪನ ಕೈ ಕಣೇ ಇದು. ನೋಡು, ನಡುವಿನ ಗೆರೆ ಕೊನೇಲಿ ಕೆಳಕ್ಕೆ ಜಾರೈತೆ. ಪೆಟ್ಟಿಗೆ ಬಿದ್ದು ಬೆರಳು ಸೊಟ್ಟ ಆಗಿರ್ಲಿಲ್ವಾ? ಮನೇಲಿ ಹಣೇಗಿಟ್ಕೊಂಡ್ರೂ ಹಿಂಗೇ ಜಾರೋದು."

ದೊಡ್ಡದು ಮಾಡಿ ನೋಡಿದೆ. ಮೂರು ಗೆರೆ. ಬಿರುಕಿಗೆ ಅಡ್ಡಲಾಗಿ. ನಡುವಿನದು ಕೊನೆಯಲ್ಲಿ ಕೆಳಕ್ಕೆ.

ಅಮ್ಮ ಹೇಳಿದ್ದು ಇಷ್ಟು. ಹಳೇ ಒಲೆ ಒಡೆದು ಎಣ್ಣೆ ಒಲೆ ಹಾಕಿದ ವರ್ಷ ಆ ಗೋಡೆ ಬಿರುಕು ಬಿಟ್ಟಿತು. ನಾನಾಗ ಕೆಲಸದ ಮೇಲೆ ಕೊಯಮತ್ತೂರಿನಲ್ಲಿದ್ದೆ, ನೋಡಲಿಲ್ಲ. ಒಲೆಯವರು ಒಳಗೆ ಹೋಗಲು ಹೆದರಿದರಂತೆ. ಎಂಜಿನಿಯರ್ ಬಂದು ಏನೂ ಆಗಲ್ಲ ಅಂದರೂ ಕೇಳಲಿಲ್ಲ. ಆಗ ಅಪ್ಪ ಸುಣ್ಣದಲ್ಲಿ ವಿಭೂತಿ ಕಲಸಿ, ಬಿರುಕಿನ ಮೇಲೇ ಮೂರು ಬೆರಳು ಎಳೆದರು. ಆಮೇಲೆ ಪ್ರತಿ ಆಯುಧಪೂಜೆಗೂ ಅದೇ ಜಾಗದಲ್ಲಿ. ಫ್ಯಾಕ್ಟರಿ ಮುಚ್ಚುವವರೆಗೂ.

"ಬಿರುಕಿನ ಮೇಲೇ ಯಾಕಮ್ಮ? ಬೇರೆ ಕಡೆ ಎಷ್ಟು ಜಾಗ ಇತ್ತು."

ಇದೇನು ಕೇಳುತ್ತೀಯ ಅನ್ನೋ ಹಾಗೆ ನೋಡಿದಳು. "ಜ್ವರ ಬಂದ್ ಮಗೀಗೆ ಹಣೇಗ್ ತಾನೆ ಇಡಾದು? ನೋವಿರೋ ಕಡೆ ಇಡ್ಬೇಕಪ್ಪಾ ವಿಭೂತಿ."

ಸುಣ್ಣ. ಗಾಜಿನಷ್ಟೇ ಪೆಡಸು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಅದು ಸೀಳಬೇಕು. ಅಪ್ಪನಿಗೆ ಇದೆಲ್ಲ ಗೊತ್ತಿರಲಿಲ್ಲ. ಆದರೂ ತೊಂಬತ್ತೇಳರಲ್ಲಿ ನನ್ನ ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದಾರೆ. ನಾನು ಅದರ ದೂಳು ಒರೆಸಿ, ಕಲೆ ಅಂತ ಬರೆದು ಬಂದೆ.

ಆಗ ಅತ್ತುಬಿಟ್ಟೆ. ಅಮ್ಮ ಮೊಸರು ತೆಗೆದುಕೊಂಡು ಒಳಗೆ ಹೋದಳು.

ಆಗಸ್ಟ್ 24. ಭಾನುವಾರ

ಹೋದೆ. ಭೂತಗನ್ನಡಿ ಹಿಡಿದು ಮೂರೂ ಗೆರೆ ಉದ್ದಕ್ಕೂ ನೋಡಿದೆ. ಸುಣ್ಣ ಬಿರುಕಿನೊಳಗೂ ಇಳಿದಿದೆ, ಮೇಲೂ ದಾಟಿದೆ. ಎಲ್ಲೂ ಸೀಳಿಲ್ಲ. ಒಂದು ಕೂದಲೆಳೆಯೂ ಇಲ್ಲ! ಹತ್ತಿರದಿಂದ ಫೋಟೋ ತೆಗೆದೆ. ಸುನಾಮಿ, ಚಂಡಮಾರುತ, ನೆರೆ ಎಲ್ಲ ಬಂದು ಹೋಗಿವೆ. ಈ ಗೋಡೆ ಅಲ್ಲಾಡಿಲ್ಲ. ಖುಷಿಗೆ ಏಳುಮಲೈ ಕೈ ಹಿಡಿದುಕೊಂಡೆ. ಅವನು ಗಾಬರಿಯಾಗಿ ಟೀ ತರಿಸಿದ.

ಮುಚ್ಚಿದ ಮೇಲೆ ಈ ಗೆರೆಗೆ ಯಾರಾದರೂ ಸುಣ್ಣ ಬಳಿದಿದ್ದಾರಾ ಅಂತ ಕೇಳಿದೆ. ಇಲ್ಲ, ಆಮೇಲೆ ಪ್ರತಿ ವರ್ಷ ಗೇಟಿನ ಹತ್ತಿರವೇ ಕುಂಬಳಕಾಯಿ ಒಡೆದು ಪೂಜೆ ಮುಗಿಸುತ್ತೇನೆ ಅಂದ. ಮನೆಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಫೋಟೋ ಇಳಿಸಿಕೊಟ್ಟ. ಕೊನೆಯ ಆಯುಧಪೂಜೆ. ಒಲೆಯವರೆಲ್ಲ ಸಾಲಾಗಿ. ಮೂಲೆಯಲ್ಲಿ ಅಪ್ಪ, ಕೈಯಲ್ಲಿ ಸುಣ್ಣದ ಲೋಟ, ಆಫೀಸಿನವರ ಹಾಗೆ ಗಂಭೀರ ಮುಖ. ಹಿಂದೆ ಗೋಡೆ, ಬಿರುಕು, ಮೂರು ಗೆರೆ. ನಡುವಿನದು ಕೆಳಕ್ಕೆ ಜಾರಿದೆ. ಸ್ಟುಡಿಯೋದವರು ಕೆಳಗೆ ತಾರೀಖು ಹಾಕಿದ್ದಾರೆ, ತೊಂಬತ್ತೇಳರದು.

ಮಧುಗೆ ಎಲ್ಲ ಹೇಳಿದೆ, ಅಪ್ಪನದೂ ಸೇರಿಸಿ. "ಮೇಡಂ, ಇದನ್ನ ಇಷ್ಟು ದಿನ ಯಾಕೆ ಬಚ್ಚಿಟ್ರಿ!" ಅಂತ ಕೂಗಿದರು. ವಿಡಿಯೋ ಮಾಡಲಿಲ್ಲ.

ಸೆಪ್ಟೆಂಬರ್ 9

ಕಮಿಟಿ ಮುಂದೆ ವಿಚಾರಣೆ. ರೇಷ್ಮೆ ಸೀರೆ ಉಟ್ಟು ಹೋದೆ, ಯಾಕೋ ಏನೋ.

ಛೇರ್ಮನ್ ವಯಸ್ಸಾದ ಎಂಜಿನಿಯರ್. ಕಿವಿ ಸ್ವಲ್ಪ ಮಂದ, ತಲೆ ಮಂದವಲ್ಲ. ಹಳೇ ಫೋಟೋ, ಹೊಸ ಫೋಟೋ ಪಕ್ಕಪಕ್ಕ ಇಟ್ಟೆ. ಗಾಜಿನ ಪಟ್ಟಿ ವಿಷಯ ವಿವರಿಸಿದೆ. ಬಿಲ್ಡರ್ ಕಡೆ ಎಂಜಿನಿಯರ್ ನಕ್ಕ. "ವಿಭೂತಿ ಇಟ್ಟರೆ ಕಟ್ಟಡ ನಿಲ್ಲುತ್ತಾ ಮೇಡಂ?"

"ವಿಭೂತಿಯಿಂದ ನಿಂತಿದೆ ಅಂತ ಹೇಳ್ತಿಲ್ಲ ಸಾರ್. ನಿಂತಿದೆ ಅಂತ ವಿಭೂತಿ ಹೇಳ್ತಿದೆ" ಅಂದೆ.

ಛೇರ್ಮನ್ "ಏನಂದ್ರು?" ಅಂತ ಪಕ್ಕದವರನ್ನು ಕೇಳಿದರು. ಅವರು ಜೋರಾಗಿ ಹೇಳಿದರು. ಛೇರ್ಮನ್ ನಕ್ಕು ಬರೆದುಕೊಂಡರು. ಅಕ್ಟೋಬರ್ ಆರಕ್ಕೆ ಜಾಗಕ್ಕೇ ಬಂದು ಗೆರೆ ನೋಡುತ್ತಾರೆ. ಅಲ್ಲಿಯವರೆಗೆ ಒಂದು ಇಟ್ಟಿಗೆಯನ್ನೂ ಮುಟ್ಟುವಂತಿಲ್ಲ.

ಹೊರಗೆ ಬಂದು ಮಧು, ನಾನು, ಗುಂಪಿನವರೆಲ್ಲ ಜಿಗರ್‌ಠಂಡಾ ಕುಡಿದೆವು. ಅಮ್ಮನಿಗೆ ಫೋನ್ ಮಾಡಿದೆ. ಅವಳು ಗೆದ್ದೆಯಾ ಅಂತ ಕೇಳಲಿಲ್ಲ. "ಈ ಸಲ ಪೂಜೇಗೆ ನನ್ನೂ ಕರ್ಕೊಂಡೋಗು" ಅಂದಳು.

ಸೆಪ್ಟೆಂಬರ್ 19

ಏಳುಮಲೈ ಫೋನು. ಫ್ಯಾಕ್ಟರಿ ಪಕ್ಕದ ಖಾಲಿ ಜಾಗವೂ ಬಿಲ್ಡರ್‌ದೇ. ಅಲ್ಲಿ ಕೆಲಸ ಶುರು ಮಾಡಿದ್ದಾರಂತೆ. ದೊಡ್ಡ ಮಷೀನು, ನೆಲಕ್ಕೆ ಕಂಬ ಹೊಡೆಯುತ್ತಿದ್ದಾರೆ. "ನಿಲಂ ಆಡುದುಮ್ಮಾ" ಅಂದ. ನೆಲ ಅಲ್ಲಾಡುತ್ತಿದೆ ಅಂತ.

ಪಕ್ಕದ ಜಾಗ ತಾನೇ, ಅದನ್ನು ತಡೆಯಲು ಆಗುವುದಿಲ್ಲ ಅಂದೆ. ಅಮ್ಮನಿಗೆ ಜ್ವರ, ಡಾಕ್ಟರ ಹತ್ತಿರ ಹೊರಟಿದ್ದೆ.

ಅಕ್ಟೋಬರ್ 1. ಆಯುಧಪೂಜೆ

ಮನೆಗೆ ಬಂದು ಕೂತಿದ್ದೇನೆ. ಸೀರೆಗೆ ಸುಣ್ಣ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕಾರು ಮಾಡಿಕೊಂಡು ಅಮ್ಮನನ್ನು ಕರೆದೊಯ್ದೆ. ಜ್ವರ ಬಿಟ್ಟು ಒಂದು ವಾರವಾಗಿದೆ, ಅಪಾರ್ಟ್‌ಮೆಂಟಿನ ಮೆಟ್ಟಿಲು ಇಳಿಯುವಷ್ಟರಲ್ಲೇ ಸುಸ್ತು. ಆದರೂ ಮಡಿ ಸೀರೆ, ವಿಭೂತಿ ಗಟ್ಟಿ, ನೀಲಿ ಅಂಚಿನ ಬಿಳಿ ಲೋಟದಲ್ಲಿ ಸುಣ್ಣ. ದಾರಿಯುದ್ದಕ್ಕೂ ಆ ಲೋಟ ತೊಡೆಯ ಮೇಲೆ.

ಏಳುಮಲೈ ಗೇಟು ಪೂರ್ತಿ ತೆಗೆದಿದ್ದ. ಪರ್ಮಿಷನ್ ತಗೊಂಡೆಯಾ ಅಂದರೆ, ಆಯುಧಪೂಜೆಗೆ ಗೇಟು ತೆಗೆಯಲು ಯಾರನ್ನು ಕೇಳಬೇಕು ಅಂದ. ಹಳೇ ಒಲೆಯವರು ಒಂದಷ್ಟು ಜನ ಬಂದಿದ್ದರು, ಹೆಂಡತಿಯರು, ಮೊಮ್ಮಕ್ಕಳು. ಬಾಳೆಕಂದು, ಮಾವಿನೆಲೆ, ಕುಂಬಳಕಾಯಿ. ಅಮ್ಮನನ್ನು ನೋಡಿ ಇಬ್ಬರು ಮುದುಕರು 'ಸ್ಟೋರ್ ಅಯ್ಯಾ ವೀಟಮ್ಮಾ', ಸ್ಟೋರ್ ಅಯ್ಯನವರ ಮನೆಯಾಕೆ, ಅಂತ ಎದ್ದು ನಿಂತರು. ಅಮ್ಮನ ಮುಖ ನೋಡಬೇಕಿತ್ತು. ಮಧು ಕ್ಯಾಮೆರಾ ಹಿಡಿದು ಓಡಾಡುತ್ತಿದ್ದರು.

ಪಕ್ಕದ ಜಾಗದಲ್ಲಿ ಇವತ್ತು ಮಷೀನಿಗೂ ಪೂಜೆ, ರಜೆ. ಕಾಂಪೌಂಡಿನಾಚೆ ಅದರ ಕೊಂಬಿಗೂ ಚೆಂಡುಹೂವಿನ ಹಾರ ಹಾಕಿದ್ದು ಕಾಣುತ್ತಿತ್ತು.

ಅಮ್ಮ ಗೋಡೆ ಮುಂದೆ ಕುರ್ಚಿ ಹಾಕಿಸಿಕೊಂಡು, ಸುಣ್ಣದಲ್ಲಿ ವಿಭೂತಿ ತೇಯ್ದು ಕಲಸಿದಳು. ಎಲ್ಲರೂ ಹಿಂದೆ ನಿಂತರು. ನಾನು ಮೊದಲು ಒಂದು ಫೋಟೋ ತೆಗೆಯೋಣ ಅಂತ ಹತ್ತಿರ ಹೋದೆ.

ಮೇಲಿನ ಗೆರೆ ಸರಿ ಇದೆ. ಕೆಳಗಿನದೂ ಸರಿ.

ನಡುವಿನದು ಸೀಳಿದೆ.

ಕೂದಲೆಳೆಯಷ್ಟು. ಅಂಚು ಹಾಲಿನಷ್ಟು ಬಿಳಿ, ಒಂದಿಷ್ಟೂ ದೂಳಿಲ್ಲ. ಕೆಳಗೆ ನೆಲದ ಮೇಲೆ ಚಿಟಿಕೆ ಸುಣ್ಣದ ಪುಡಿ ಉದುರಿದೆ. ಜೀವಮಾನವೆಲ್ಲ ನೋಡಿದ್ದೇನೆ, ಎರಡನೇ ಸಲ ನೋಡಬೇಕಾಗಿಲ್ಲ. ಹೊಸದು.

ಅಮ್ಮ ಆಗಲೇ ಎದ್ದು ನಿಂತಿದ್ದಳು. ಮೂರು ಬೆರಳು ಸುಣ್ಣದಲ್ಲಿ ಅದ್ದಿ, ಕೈ ಚಾಚಿದ್ದಳು. ಅಪ್ಪನ ಗೆರೆಯ ಮೇಲೇ ಎಳೆಯಲು.

ಎಳೆದಿದ್ದರೆ ಮುಗಿಯುತ್ತಿತ್ತು. ಸೀಳು ಮುಚ್ಚಿಹೋಗುತ್ತಿತ್ತು. ಆರನೇ ತಾರೀಖು ಛೇರ್ಮನ್ ಬರುತ್ತಿದ್ದರು, ಮೂರು ಗೆರೆ ನೋಡುತ್ತಿದ್ದರು, ಎಲ್ಲರಿಗೂ ಸಂತೋಷ. ಯಾರೂ ಮೋಸ ಮಾಡಿದ ಹಾಗೂ ಆಗುತ್ತಿರಲಿಲ್ಲ. ಒಬ್ಬ ಮುದುಕಿ ಪೂಜೆ ಮಾಡಿದಳು, ಅಷ್ಟೆ. ಇದೆಲ್ಲ ಆ ಕ್ಷಣದಲ್ಲೇ ಹೊಳೆಯಿತು. ಹೊಳೆಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಂತೂ ಇದ್ದೆ.

ಆಮೇಲೆ ಮಕ್ಕಳು ಕಾಣಿಸಿದರು. ಗೋಡೆ ಕೆಳಗೇ ಕೂತು ಪುರಿ ತಿನ್ನುತ್ತಿದ್ದರು.

ಅಮ್ಮನ ಮಣಿಕಟ್ಟು ಹಿಡಿದೆ.

"ಇಡಬೇಡ ಅಮ್ಮ."

"ಯಾಕೇ?"

"ಗೋಡೆ ಅಲ್ಲಾಡಿದೆ."

ಮಧು ಹತ್ತಿರ ಬಂದರು. ನೋಡಿದರು. ಅವರಿಗೂ ಅರ್ಥವಾಯಿತು. ಬೇರೆಯವರಿಗೆ ತಿಳಿಯದ ಹಾಗೆ ಕನ್ನಡದಲ್ಲಿ, ಮೆಲ್ಲಗೆ: "ಮೇಡಂ, ಬರೀ ಐದು ದಿನ. ಯಾರಿಗೂ ಗೊತ್ತಾಗಲ್ಲ. ಪ್ಲೀಸ್. ಅಜ್ಜಿ ಇಡಲಿ ಬಿಡಿ."

"ಮಧು, ಇವರನ್ನೆಲ್ಲ ಹೊರಗೆ ಕಳ್ಸಿ. ಮೊದಲು ಮಕ್ಕಳು."

ಏಳುಮಲೈ ಮುಖ ಚಿಕ್ಕದಾಯಿತು. ಮುದುಕರು ಗೊಣಗಿದರು. ಇಷ್ಟು ವರ್ಷ ಆದ ಮೇಲೆ ಒಳಗೆ ಬಂದಿದ್ದಾರೆ, ನಾನು ಪೂಜೆ ನಡುವೆ ಓಡಿಸುತ್ತಿದ್ದೇನೆ. ಕರ್ಪೂರವನ್ನು ಗೇಟಿನ ಹತ್ತಿರ ಹಚ್ಚಿದರು. ಕುಂಬಳಕಾಯಿ ಅಲ್ಲೇ ಒಡೆದರು.

ನಾನು ಒಬ್ಬಳೇ ಒಳಗೆ ಹೋದೆ. ಸ್ಕೇಲು ಹಿಡಿದು ಫೋಟೋ ತೆಗೆದೆ. ಮೂರನೆಯದೇ ಸರಿ ಬಂತು.

ಹೊರಗೆ ಬಂದಾಗ ಅಮ್ಮ ಕಾರಿನಲ್ಲಿ ಕೂತಿದ್ದಳು. ಬೆರಳ ಮೇಲಿನ ಸುಣ್ಣ ಒಣಗುತ್ತಿತ್ತು. ಬೈಯುತ್ತಾಳೆ ಅಂದುಕೊಂಡೆ.

"ಆ ಪಟ್ಟಿ ಕೊಡಿಲ್ಲಿ" ಅಂದಳು.

ಸ್ಕೇಲು ಕೊಟ್ಟೆ. ಲೋಟಕ್ಕೆ ಬೆರಳದ್ದಿ ಅದರ ಮೇಲೆ ಮೂರು ಗೆರೆ ಎಳೆದಳು. ಕ್ಯಾಮೆರಾಗೂ ಒಂದು ಬೊಟ್ಟು.

"ಹಬ್ಬದ್ ದಿನ ಆಯುಧ ಬೋಳುಬೋಳಾಗಿರ್ಬಾರ್ದು."

ಅಕ್ಟೋಬರ್ 2

ಬೆಳಿಗ್ಗೆ ಒಬ್ಬಳೇ ಹೋಗಿ, ಸೀಳಿದ ಗೆರೆ ಪಕ್ಕದಲ್ಲಿ ಗಾಜಿನ ಪಟ್ಟಿ ಅಂಟಿಸಿದೆ. ಮೇಲೆ ತಾರೀಖು ಬರೆದೆ. ಏಳುಮಲೈ ಟಾರ್ಚ್ ಹಿಡಿದ. ಹೊರಗೆ ಹೋಗುವಾಗ "ಸಾಮಿ ಕುಂಬಿಡ ಕೂಡ ವಿಡಲ" ಅಂದ. ದೇವರಿಗೆ ಕೈ ಮುಗಿಯಲೂ ಬಿಡಲಿಲ್ಲ ಅಂತ. ಅವನ ಸಿಟ್ಟು ಸರಿಯೇ.

ಮಧು ಫೋನು. "ನೀವು ಎರಡು ಸಲ ಮುಳುಗಿಸಿದ್ರಿ ಮೇಡಂ. ಮೊದಲನೇ ಸಲ ಗೊತ್ತಿಲ್ಲದೆ. ಈಗ ಗೊತ್ತಿದ್ದೂ." ಇಟ್ಟುಬಿಟ್ಟರು.

ನಾಳೆಯಿಂದ ಮಷೀನು ಮತ್ತೆ ಶುರು.

ಅಕ್ಟೋಬರ್ 5. ಭಾನುವಾರ

ರಿಪೋರ್ಟು ಬರೆದು ಮುಗಿಸಿದೆ. ಬಿರುಕು ಹಳೇದು, ತೊಂಬತ್ತೇಳರಿಂದ ಈ ಆಗಸ್ಟ್‌ವರೆಗೆ ನಿಂತಿತ್ತು. ಆಗಸ್ಟ್ ಫೋಟೋದಲ್ಲಿ ನಡುವಿನ ಗೆರೆ ಪೂರ್ತಿ ಇದೆ. ಅಕ್ಟೋಬರ್ ಒಂದಕ್ಕೆ ಇಲ್ಲ. ನಡುವೆ ಆದದ್ದು ಒಂದೇ — ಪಕ್ಕದ ಜಾಗದಲ್ಲಿ ಕಂಬ ಹೊಡೆದದ್ದು.

ಬರೆಯುವಾಗ ಒಂದು ತಮಾಷೆ ಹೊಳೆಯಿತು. ನಗು ಬರಲಿಲ್ಲ. ನಾಳೆ ಎಲ್ಲರಿಗೂ ಬೇಕಾಗಿರುವುದು 'ಹಳೇದು' ಅನ್ನುವ ಒಂದೇ ಮಾತು. ಮಧುಗೆ ಹಳೇದು ಬೇಕು, ಗೋಡೆ ಗಟ್ಟಿ ಅಂತಾಗುತ್ತದೆ. ಬಿಲ್ಡರ್‌ಗೂ ಹಳೇದೇ ಬೇಕು. ಹೊಸದು ಅಂದರೆ ಅವನ ಮಷೀನಿನ ತಲೆಗೆ ಬರುತ್ತದೆ. ಹಳೇದು, ವಯಸ್ಸಾಗಿದೆ, ತಾನಾಗಿ ಬೀಳುತ್ತಿದೆ ಅನ್ನಬೇಕು ಅವನಿಗೆ. ಸರ್ವೀಸಿನಲ್ಲಿ ಎಷ್ಟು ಗೋಡೆ ಮುಂದೆ ನಿಂತು 'ಹಳೇದು' ಅಂದಿದ್ದೇನೋ. ಕಂಪನಿಗೂ ಅದೇ ಬೇಕಾಗಿರುತ್ತಿತ್ತು. ಹೆಚ್ಚಿನ ಸಲ ಅದು ನಿಜವೂ ಆಗಿರುತ್ತಿತ್ತು.

ಹೊಸದು ಅಂದರೆ ಕೆಡವಿಬಿಡಿ ಅನ್ನಬಹುದು ಕಮಿಟಿ. ಅಪ್ಪನ ಗೆರೆ, ಏಳುಮಲೈನ ಶೆಡ್ಡು, ಎಲ್ಲ ಹೋಗುತ್ತದೆ. ಹೆದರಿಕೆ ಆಗುತ್ತಿದೆ.

ಅಕ್ಟೋಬರ್ 6. ಸಂಜೆ

ಬಂದರು. ಛೇರ್ಮನ್, ಇಬ್ಬರು ಸದಸ್ಯರು, ಬಿಲ್ಡರ್ ಕಡೆ ಎಂಜಿನಿಯರ್. ಪಕ್ಕದ ಜಾಗದಲ್ಲಿ ಧಡ್... ಧಡ್... ನಿಲ್ಲಿಸುವಷ್ಟು ಸೌಜನ್ಯವೂ ಇಲ್ಲ. ಮಧು ಬಂದಿದ್ದರು, ದೂರ ನಿಂತಿದ್ದರು. ಮೋಡ ಕವಿದು ಒಳಗೆ ಕತ್ತಲೆ. ಯಾರೋ ನನ್ನ ಹಿಂದಿನಿಂದ ಟಾರ್ಚ್ ಹಿಡಿದರು. ನೋಡಿದರೆ ಮಧುವೇ.

ಗಾಜಿನ ಪಟ್ಟಿಗೆ ಬೆಳಕು ಬಿತ್ತು. ಎರಡು ತುಂಡು.

ಎಂಜಿನಿಯರ್ ಮುಂದೆ ಬಂದ. "ಹಳೇ ಕಟ್ಟಡ ಸಾರ್, ಇದೆಲ್ಲ ಸಹಜ." ಮಧು ಟಾರ್ಚನ್ನು ಇನ್ನೂ ಹತ್ತಿರ ಹಿಡಿದರು.

ಛೇರ್ಮನ್ ನನ್ನ ಕಡೆ ತಿರುಗಿ ಕಿವಿಗೆ ಕೈ ಅಡ್ಡ ಹಿಡಿದರು. "ಹೇಳಮ್ಮಾ. ಹಳೇದಾ, ಹೊಸದಾ?"

"ಹೊಸದು."

"ಏನು?"

"ಹೊಸದು ಸಾರ್!" ಅಂತ ಕೂಗಿದೆ. ಶೆಡ್ಡೆಲ್ಲ ಕೇಳಿಸಿತು.

ಅವರು ಗೋಡೆಗೆ ಅಂಗೈ ಊರಿ ನಿಂತರು. ಪಕ್ಕದಲ್ಲಿ ಧಡ್ ಅಂದಾಗಲೆಲ್ಲ ಅವರ ಕಣ್ಣು ಮಿಟುಕುತ್ತಿತ್ತು. ಆಮೇಲೆ ಎಂಜಿನಿಯರ್‌ಗೆ "ಮೊದಲು ಆ ಮಷೀನ್ ನಿಲ್ಸಿ" ಅಂದರು. ಅವನು ಏನೋ ಹೇಳಲು ಹೋದ. "ಈಗ" ಅಂದರು.

ನಿಂತಿತು. ಎಂಥ ನಿಶ್ಶಬ್ದ. ಏಳುಮಲೈ ಬಾಗಿಲಲ್ಲಿ ನಿಂತು ಮೇಲೆ ಸೂರು ನೋಡುತ್ತಿದ್ದ.

ಗೋಡೆಗೆ ಆಸರೆ ಕಂಬ ಕೊಡಬೇಕು, ಮೂರು ತಿಂಗಳು ಗಾಜು ಇಟ್ಟು ನೋಡಬೇಕು, ಅಲ್ಲಿಯವರೆಗೆ ಎರಡೂ ಜಾಗದಲ್ಲಿ ಕೆಲಸ ಬಂದ್. ಆಮೇಲೆ ತೀರ್ಮಾನ. ಉಳಿಯುತ್ತದೆ ಅಂತ ಹೇಳಲಿಲ್ಲ. ಬೀಳುತ್ತದೆ ಅಂತಲೂ ಹೇಳಲಿಲ್ಲ. ನನ್ನನ್ನು ಕೇಳಿದರೆ ನನಗೂ ಗೊತ್ತಿಲ್ಲ. ಮಧು ಸ್ಟೇಷನ್‌ವರೆಗೆ ಬ್ಯಾಗ್ ಹಿಡಿದುಕೊಂಡು ಬಂದರು. "ಗಾಜು ಯಾವ ಅಂಗಡೀಲಿ ಸಿಗುತ್ತೆ ಮೇಡಂ?" ಅಂದರು, ಅಷ್ಟೇ.

ಸ್ಕೇಲಿನ ಮೇಲೆ ಗೆರೆ ಇನ್ನೂ ಇದೆ. ಅಳಿಸಬಾರದು ಅಂತ ಪೇಪರಿನಲ್ಲಿ ಸುತ್ತಿಟ್ಟಿದ್ದೇನೆ.

ಅಮ್ಮ ಅಡುಗೆಮನೆಯಿಂದ ಕೇಳುತ್ತಿದ್ದಾಳೆ, ಈಗಲಾದರೂ ಗೋಡೆಗೆ ವಿಭೂತಿ ಇಡಬಹುದಾ ಅಂತ. ಇಡಬಹುದು, ಕಂಬ ಕೊಟ್ಟ ಮೇಲೆ, ಅಪ್ಪನ ಗೆರೆ ಬಿಟ್ಟು ಅದರ ಕೆಳಗೆ. ತಾರೀಖು ಹಾಕಿ. ಆ ಸೀಳು ಮಾತ್ರ ಎಲ್ಲರಿಗೂ ಕಾಣುತ್ತಲೇ ಇರಬೇಕು. ಅಮ್ಮನಿಗೆ ಹೇಳಿ ಬಂದು ಮುಂದೆ ಬರೆಯುತ್ತೇನೆ.